ಎಷ್ಟು ತಿಂದ್ರೂ ನಾಯಿ ಸೊರಗ್ತಿದೆ, ಲೂಸ್ ಮೋಷನ್ ನಿಲ್ತಿಲ್ಲ, ಅನುಭವ ಇದ್ದವ್ರು ಹೇಳಿ

ಪ್ರಶ್ನೆ: ನಮ್ಮ ಜರ್ಮನ್ ಶೆಫರ್ಡ್‌ಗೆ ಎರಡು ವರ್ಷ. ತಟ್ಟೆ ಇಟ್ಟ ತಕ್ಷಣ ಖಾಲಿ ಮಾಡ್ತಾನೆ, ಆದ್ರೂ ಪಕ್ಕೆಲುಬು ಎಣಿಸ್ಬಹುದು ಹಾಗಾಗಿದ್ದಾನೆ. ಮೋಷನ್ ರಾಶಿ ರಾಶಿ, ತಿಳಿ ಹಳದಿ, ಜಿಡ್ಡು ಜಿಡ್ಡು, ಒಂದೊಂದ್ಸಲ ಅದನ್ನೇ ತಿನ್ನೋಕೆ ಹೋಗ್ತಾನೆ. ಜಂತುಹುಳದ ಮಾತ್ರೆ ಆಯ್ತು, ಫುಡ್ ಬದಲಾಯಿಸಿದ್ದೂ ಆಯ್ತು. ಏನು ಕೊಡ್ಲಿ?

ಉತ್ತರ 1: ನಮ್ಮನೆ ಹೆಣ್ಣುನಾಯಿದೂ ಥೇಟ್ ಇದೇ ಕಥೆ ಆಗಿತ್ತು, ಅದಕ್ಕೇ ಉದ್ದ ಬರೀತಿದೀನಿ. ಅವಳಿಗಿರೋದು ಇಪಿಐ. ಮೇದೋಜೀರಕ ಗ್ರಂಥಿ ಊಟ ಅರಗಿಸೋ ಎಂಜೈಮ್ ಮಾಡೋದನ್ನ ಹೆಚ್ಚುಕಮ್ಮಿ ನಿಲ್ಲಿಸಿಬಿಡುತ್ತೆ, ಹಂಗಾಗಿ ತಿಂದಿದ್ದು ಮೈಗೆ ಹತ್ತೋದೇ ಇಲ್ಲ, ಹೊಟ್ಟೆ ತುಂಬಿದ್ರೂ ಪಾಪ ಹಸ್ಕೊಂಡೇ ಇರ್ತಾವೆ. ಜರ್ಮನ್ ಶೆಫರ್ಡ್‌ಗಳಲ್ಲಿ ಇದು ಜಾಸ್ತಿ, ಅದೂ ಚಿಕ್ಕ ವಯಸ್ಸಲ್ಲೇ. ನಿಮ್ಮವನಿಗೂ ಅದೇ ಅಂತ ನಾನು ಹೇಳೋಕಾಗಲ್ಲ, ಆದ್ರೆ ಇನ್ನೊಂದು ಫುಡ್ ತರೋ ಮುಂಚೆ ಡಾಕ್ಟ್ರನ್ನ ಕೇಳಿ ಟಿಎಲ್‌ಐ ಅನ್ನೋ ರಕ್ತ ಪರೀಕ್ಷೆ ಮಾಡಿಸಿ. ಖಾಲಿ ಹೊಟ್ಟೇಲಿ ರಕ್ತ ಕೊಡ್ಬೇಕು. ಲೀಟರ್‌ಗೆ 2.5 ಮೈಕ್ರೋಗ್ರಾಂಗಿಂತ ಕಮ್ಮಿ ಬಂದ್ರೆ ಇಪಿಐ ಅಂತಾನೇ ಲೆಕ್ಕ. ಮಾಮೂಲಿ ಬ್ಲಡ್ ಟೆಸ್ಟಲ್ಲಿ ಅಮೈಲೇಸ್, ಲೈಪೇಸ್ ಅನ್ನೋ ಎಂಜೈಮ್ ನಾರ್ಮಲ್ ಇದೆ ಅಂದ್ರೆ ಸಮಾಧಾನ ಮಾಡ್ಕೋಬೇಡಿ, ಇದು ಅದ್ರಲ್ಲಿ ಗೊತ್ತಾಗಲ್ಲ. ಅದೇ ರಕ್ತದಲ್ಲಿ ಬಿ12, ಫೋಲೇಟ್ ಅನ್ನೋ ವಿಟಮಿನ್‌ಗಳನ್ನೂ ನೋಡಿಸಿ.

ಇಪಿಐ ಅಂತ ಬಂದ್ರೆ ಪ್ಯಾಂಕ್ರಿಯಾಟಿನ್ ಪೌಡರ್ (ಆ ಅರಗಿಸೋ ಎಂಜೈಮ್‌ಗಳ ಪುಡಿ) ಜೀವನ ಪೂರ್ತಿ ಕೊಡ್ಬೇಕು, ಪ್ರತಿ ಊಟದಲ್ಲೂ. ಊಟ ಬಿಸಿ ಇದ್ದಾಗ ಹಾಕಿದ್ರೆ ಎಂಜೈಮ್ ಸತ್ತೇ ಹೋಗುತ್ತೆ, ಆರಿದ ಮೇಲೆ ಸ್ವಲ್ಪ ನೀರು ಚಿಮುಕಿಸಿ ಚೆನ್ನಾಗಿ ಕಲಸಿ. ಒಣ ಪೌಡರ್ ಹಂಗೇ ಉದುರಿಸಿದ್ರೆ ಬಾಯಿ ಉರಿಯುತ್ತೆ, ಡೋಸ್ ಜಾಸ್ತಿ ಆದ್ರೆ ಒಸಡಲ್ಲಿ ರಕ್ತ ಬರೋದೂ ಉಂಟು, ಹಂಗೇನಾದ್ರೂ ಕಂಡ್ರೆ ನಿಲ್ಲಿಸ್ಬೇಡಿ, ಡಾಕ್ಟ್ರ ಹತ್ರ ಮಾತಾಡಿ ಡೋಸ್ ಕಮ್ಮಿ ಮಾಡಿಸಿ. ಮೇಲೆ ಕೋಟಿಂಗ್ ಇರೋ ಮಾತ್ರೆಗಿಂತ ಪೌಡರೇ ಚೆನ್ನಾಗಿ ಕೆಲಸ ಮಾಡುತ್ತೆ. ಕಲಸೋವಾಗ ಪುಡಿ ನಿಮ್ಮ ಮೂಗಿಗೆ ಹೋಗದಂಗೆ ನೋಡ್ಕೊಳ್ಳಿ, ಆಮೇಲೆ ಕೈ ತೊಳ್ಕೊಳ್ಳಿ.

ಮುಖ್ಯವಾದ ಮಾತು ಏನಂದ್ರೆ ಒಂದು ತುಂಡು ಬಿಸ್ಕತ್ತು ಆದ್ರೂ ಎಂಜೈಮ್ ಇಲ್ದೆ ಒಳಗೆ ಹೋಗ್ಬಾರ್ದು. ಮನೆಯವರಿಗೆಲ್ಲ ಇದನ್ನ ಕೂರಿಸಿ ಹೇಳಿ, ಬಂದ ನೆಂಟರಿಗೂ ಹೇಳಿ.

ಎಂಜೈಮ್ ಶುರು ಮಾಡಿ ಮೋಷನ್ ಗಟ್ಟಿ ಆದ್ರೂ ತೂಕ ಏರ್ತಿಲ್ಲ ಅಂದ್ರೆ ಮೊದಲು ಬಿ12 ಕಡೆ ನೋಡಿ. ಅದು ಕಮ್ಮಿ ಇದ್ರೆ ಉಳಿದದ್ದೆಲ್ಲ ಸರಿ ಮಾಡಿದ್ರೂ ಮೈ ಬರಲ್ಲ, ಇಂಜೆಕ್ಷನ್ ಇಲ್ಲಾ ಮಾತ್ರೆ ಬೇಕಾಗುತ್ತೆ. ಕೊಬ್ಬು ಪೂರ್ತಿ ಬಿಡಿಸ್ಬೇಕು ಅಂತ ಹೇಳೋರು ಸಿಗ್ತಾರೆ, ಸಾಮಾನ್ಯವಾಗಿ ಅಷ್ಟು ಬೇಕಾಗಲ್ಲ, ಸೊರಗಿರೋ ನಾಯಿಗೆ ಕ್ಯಾಲರಿ ಎಲ್ಲಿಂದ ಬರ್ಬೇಕು ಮತ್ತೆ? ನಾರು ಜಾಸ್ತಿ ಇರೋ ಫುಡ್ ಮಾತ್ರ ಬೇಡ. ದಿನದ ಊಟನ ಎರಡು ಮೂರು ಸಲಕ್ಕೆ ಹಂಚಿ ಕೊಡಿ.

ಉತ್ತರ 2: ನಮ್ಮವನ ಟಿಎಲ್‌ಐ ನಾರ್ಮಲ್ ಬಂತು, ಹಾಗಾಗಿ ಆ ದಾರೀನೂ ಹೇಳ್ಬಿಡ್ತೀನಿ. ಅವನದು ಕರುಳಿನ ಉರಿಯೂತ. ಡಾಕ್ಟ್ರು ಮೊದಲು ಹೈಡ್ರೊಲೈಸ್ಡ್ ಪ್ರೋಟೀನ್ ಫುಡ್ (ಪ್ರೋಟೀನನ್ನ ಸಣ್ಣ ಸಣ್ಣ ತುಣುಕಾಗಿ ಒಡೆದಿರೋದು) ಕೊಡಿಸಿದ್ರು, ಅದೊಂದೇ, ನೀರು ಬಿಟ್ರೆ ಬೇರೇನಿಲ್ಲ, ಮಾಂಸದ ಫ್ಲೇವರ್ ಇರೋ ಮಾತ್ರೆ ಕೂಡ ಇಲ್ಲ. ಊಟಕ್ಕೆ ಒಗ್ಗೋ ನಾಯಿಗಳಲ್ಲಿ ಬಹಳಷ್ಟಕ್ಕೆ ಎರಡು ವಾರದೊಳಗೇ ವ್ಯತ್ಯಾಸ ಕಾಣುತ್ತೆ, ನಮ್ಮವನಿಗೂ ಕಂಡಿತು. ನಾಲ್ಕು ದಿನ ಇದು ನಾಲ್ಕು ದಿನ ಅದು ಅಂತ ಬದಲಾಯಿಸ್ತಾ ಹೋದ್ರೆ ಯಾವುದು ಒಗ್ತಿದೆ ಅಂತ ದೇವರಾಣೆ ಗೊತ್ತಾಗಲ್ಲ. ಮೋಷನ್ ಸ್ಯಾಂಪಲ್‌ನಲ್ಲಿ ಜಿಯಾರ್ಡಿಯಾ ಅನ್ನೋ ಕರುಳಿನ ಸೂಕ್ಷ್ಮ ಪರಾವಲಂಬಿ ಇದ್ಯಾ ಅಂತನೂ ನೋಡಿಸಿ, ಮಾಮೂಲಿ ಜಂತಿನ ಮಾತ್ರೆಗಳಲ್ಲಿ ಕೆಲವು ಅದಕ್ಕೆ ನಾಟಲ್ಲ. ಇನ್ನೊಂದು, ಮುಂದೆ ಸ್ಟೀರಾಯ್ಡ್ ಶುರು ಮಾಡಿದ್ರೆ ಚೇತರಿಸ್ಕೊಂಡ ಅಂತ ನೀವೇ ನಿಲ್ಲಿಸ್ಬೇಡಿ, ಡಾಕ್ಟ್ರು ಹೇಳಿದಂಗೆ ಮೆಲ್ಲಗೆ ಇಳಿಸ್ಬೇಕು.

ಉತ್ತರ 3: ಮೇಲಿನ ಎರಡೂ ಸರಿ. ನಂದು ಸಣ್ಣದು: ವಾರಕ್ಕೊಂದ್ಸಲ ಒಂದೇ ತಕ್ಕಡೀಲಿ ತೂಕ ನೋಡಿ ಬರ್ದಿಡಿ, ಮೋಷನ್ ಫೋಟೋ ತೆಗೀರಿ, ಡಾಕ್ಟ್ರಿಗೆ ಬಾಯಲ್ಲಿ ಹೇಳೋದಕ್ಕಿಂತ ಅದು ಉಪಯೋಗ. ಆದ್ರೆ ಪದೇ ಪದೇ ವಾಂತಿ, ಮೋಷನ್‌ನಲ್ಲಿ ರಕ್ತ, ಊಟ ಮುಟ್ಟದೇ ಮಂಕಾಗಿ ಮಲಗೋದು, ಅಥವಾ ಮೈ ಸೊರಗ್ತಿದ್ರೂ ಹೊಟ್ಟೆ ಮಾತ್ರ ಊದ್ಕೊಳ್ಳೋದು, ಇದ್ರಲ್ಲಿ ಯಾವುದು ಕಂಡ್ರೂ ಇಲ್ಲಿ ಉತ್ತರಕ್ಕೆ ಕಾಯ್ಬೇಡಿ, ಅವತ್ತೇ ಕರ್ಕೊಂಡು ಹೋಗಿ. ಹೊಟ್ಟೆ ಊದೋದು ಪ್ರೋಟೀನ್ ಕರುಳಿಂದ ಸೋರಿ ಹೋಗಿ ನೀರು ತುಂಬಿದ್ದೂ ಇರ್ಬಹುದು. ಟೆಸ್ಟ್ ರಿಪೋರ್ಟ್ ಬಂದ್ಮೇಲೆ ಏನು ಬಂತು ಅಂತ ಬರೀರಿ.