ವಿಎಂಗೆ ಐಪಿ ಸಿಗ್ತದೆ, ಇಂಟರ್ನೆಟ್ ಮಾತ್ರ ಬರುದಿಲ್ಲ (ಫೆಡೋರಾ, ವರ್ಟ್-ಮ್ಯಾನೇಜರ್)

ಪೆರ್ಲದ ಮಾಷ್ಟ್ರು:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಗ್ರಂಥಾಲಯದ ಹಳೇ ಸ್ಮರಣ ಸಂಚಿಕೆಗಳ ಫೈಲುಗಳೆಲ್ಲ ನುಡಿಯಲ್ಲಿ ಟೈಪ್ ಮಾಡಿದ್ದು, ಅದನ್ನೆಲ್ಲ ಯೂನಿಕೋಡಿಗೆ ತರ್ಲಿಕ್ಕೆ ಅಂತ ಲ್ಯಾಪ್‌ಟಾಪಿನ ಫೆಡೋರಾದೊಳಗೆ (ಒಂದು ಲಿನಕ್ಸ್) ವರ್ಟ್-ಮ್ಯಾನೇಜರ್ ಬಳಸಿ ವಿಂಡೋಸ್ 10 ವಿಎಂ (ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಮಾಡಿಕೊಂಡಿದ್ದೇನೆ. ಶಾಲೆಯಲ್ಲಿ ಕೈಟ್‌ನ (ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಗ್ನು/ಲಿನಕ್ಸ್ ಬಳಸಿ ಅಭ್ಯಾಸ ಉಂಟು, ಟರ್ಮಿನಲ್ ತೊಂದರೆ ಇಲ್ಲ, ನೆಟ್‌ವರ್ಕ್ ವಿಷಯ ಅಷ್ಟು ಗೊತ್ತಿಲ್ಲ. ಮೊದಲು ಎಲ್ಲ ಸರಿ ಇತ್ತು, ಈಗ ವಿಂಡೋಸಲ್ಲಿ ಯಾವ ಪೇಜೂ ತೆರೆಯುದಿಲ್ಲ, ಫೆಡೋರಾದಲ್ಲಿ ನೆಟ್ ಚೆನ್ನಾಗಿ ಬರ್ತದೆ. ವಿಎಂ ಐಪಿ 192.168.122 ರಿಂದ ಶುರುವಾಗುವಂಥದ್ದೇ ಸಿಕ್ಕಿದೆ, 192.168.122.1 ಗೆ (ಫೆಡೋರಾದ ಬದಿಯ ಐಪಿ) ಪಿಂಗ್ ಹೋಗ್ತದೆ, 8.8.8.8 ಗೆ (ಹೊರಗಿನ ಗೂಗಲ್ ಸರ್ವರ್) ಹೋಗುದಿಲ್ಲ. ವಿಚಿತ್ರ ಎಂತ ಅಂದ್ರೆ ಎನ್‌ಎಸ್‌ಲುಕಪ್ ಕೊಟ್ರೆ ಸೈಟಿನ ಐಪಿ ಸರಿಯಾಗಿ ತೋರಿಸ್ತದೆ! ನೆಟ್ ಇಲ್ಲದೆ ಅದು ಹೇಗೆ? ಮನೆಯಲ್ಲಿ ವೈಫೈ ಮಾತ್ರ ಇರುದು.

ಕುಂಬ್ಳೆ ಕಡಲು:
ಮಾಷ್ಟ್ರೇ, ನ್ಯಾಟ್ (ವಿಎಂ ಫೆಡೋರಾದ ಐಪಿಯಲ್ಲೇ ಹೊರಗೆ ಹೋಗುದು) ಬಿಟ್ಟು ಬ್ರಿಜ್ (ವಿಎಂ ನೇರ ಮನೆಯ ನೆಟ್‌ವರ್ಕಿಗೇ ಸೇರುದು) ಮಾಡಿ ನೋಡಿ, ರೌಟರೇ ನೇರ ಐಪಿ ಕೊಡ್ತದೆ, ನಾನು ಆಫೀಸಿನ ಡೆಸ್ಕ್‌ಟಾಪಲ್ಲಿ ಹಾಗೇ ಇಟ್ಟಿದ್ದೇನೆ.

ಬದಿಯಡ್ಕ ಪ್ಯಾಕೆಟ್:
ಡೆಸ್ಕ್‌ಟಾಪಲ್ಲಿ ಕೇಬಲ್ ಇರ್ತದೆ, ಅಲ್ಲಿ ಆಗ್ತದೆ. ವೈಫೈಯಲ್ಲಿ ಸಾಮಾನ್ಯ ಬ್ರಿಜ್ ನಡೆಯುದಿಲ್ಲ, ಯಾಕಂದ್ರೆ ತನ್ನ ಜೊತೆ ಕನೆಕ್ಟ್ ಆದ ಕಾರ್ಡಿನ ಮ್ಯಾಕ್ ಅಡ್ರೆಸ್ (ಆ ಕಾರ್ಡಿನ ಗುರುತು ಸಂಖ್ಯೆ) ಬಿಟ್ಟು ಬೇರೆ ಮ್ಯಾಕ್‌ನಿಂದ ಬಂದದ್ದನ್ನು ಆಕ್ಸೆಸ್ ಪಾಯಿಂಟ್ (ಮನೆಯ ವೈಫೈ ರೌಟರ್) ತೆಗೆದುಕೊಳ್ಳುದಿಲ್ಲ, ವಿಎಂಗೆ ಇರುದು ಬೇರೆಯೇ ಮ್ಯಾಕ್. ಮಾಷ್ಟ್ರೇ ನೀವು ನ್ಯಾಟಲ್ಲೇ ಇರಿ.

ನೀವು ಕೊಟ್ಟ ವಿವರದಲ್ಲೇ ಅರ್ಧ ಉತ್ತರ ಉಂಟು. ವಿಎಂಗೆ ಐಪಿ ಕೊಡುದು, ಹೆಸರು ಹುಡುಕಿ ಕೊಡುದು ಎರಡೂ ನಿಮ್ಮ ಫೆಡೋರಾದೊಳಗೇ ಓಡುವ ಡಿಎನ್‌ಎಸ್‌ಮಾಸ್ಕ್, ಅದು ಹೊರಗೆ ಕೇಳಿ ವಿಎಂಗೆ ಹೇಳ್ತದೆ, ಹಾಗಾಗಿ ವಿಎಂನ ಪ್ಯಾಕೆಟ್ ಹೊರಗೆ ಹೋಗದಿದ್ರೂ ಎನ್‌ಎಸ್‌ಲುಕಪ್ ಸರಿ ಬರ್ತದೆ. 169.254 ರ ಐಪಿ ಬಂದಿದ್ರೆ ಡಿಎಚ್‌ಸಿಪಿಯೇ (ಐಪಿ ಹಂಚುವ ವ್ಯವಸ್ಥೆ) ತಲುಪಿಲ್ಲ ಅಂತ ಅರ್ಥ, ನಿಮ್ಮದು ಅದಲ್ಲ. ಸೆಟ್ಟಿಂಗ್ ಮುಟ್ಟುವ ಮೊದಲು ಪ್ಯಾಕೆಟ್ ಎಲ್ಲಿ ನಿಲ್ತದೆ ನೋಡುವ: ವಿಂಡೋಸಿಂದ 8.8.8.8 ಗೆ ಪಿಂಗ್ ಬಿಟ್ಟು, ಫೆಡೋರಾದಲ್ಲಿ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಕಮಾಂಡ್) ಒಮ್ಮೆ ವಿರ್‌ಬಿಆರ್0 (ವಿಎಂ ಬದಿಯ ಇಂಟರ್‌ಫೇಸ್) ಮೇಲೆ, ಒಮ್ಮೆ ವೈಫೈ ಇಂಟರ್‌ಫೇಸ್ ಮೇಲೆ ಓಡಿಸಿ. ಮತ್ತೆ, ಇತ್ತೀಚೆಗೆ ಡಾಕರ್ (ಪ್ರೋಗ್ರಾಮುಗಳನ್ನು ಕಂಟೈನರಲ್ಲಿ ಓಡಿಸುವ ತಂತ್ರಾಂಶ) ಏನಾದ್ರೂ ಹಾಕಿದ್ದೀರಾ?

ಪೆರ್ಲದ ಮಾಷ್ಟ್ರು:
ಹೌದು, ಮಕ್ಕಳಿಗೆ ಒಂದು ವಿಕಿ ಮಾಡಿಕೊಡ್ಲಿಕ್ಕೆ ಡಾಕರ್ ಹಾಕಿದ್ದೆ. ವಿರ್‌ಬಿಆರ್0 ಯಲ್ಲಿ ಪಿಂಗ್ ಕಾಣ್ತದೆ, ವೈಫೈಯಲ್ಲಿ ಒಂದೂ ಕಾಣುದಿಲ್ಲ.

ಬದಿಯಡ್ಕ ಪ್ಯಾಕೆಟ್:
ಹಾಗಾದ್ರೆ ಫೆಡೋರಾದ ಒಳಗೇ ಬೀಳ್ತಾ ಉಂಟು. ಐಪಿಟೇಬಲ್ಸಲ್ಲಿ (ಲಿನಕ್ಸಿನ ಫೈರ್‌ವಾಲ್ ರೂಲುಗಳು) ಫಾರ್ವರ್ಡ್ ಚೈನ್ (ದಾಟಿ ಹೋಗುವ ಪ್ಯಾಕೆಟ್‌ಗಳ ರೂಲ್ ಪಟ್ಟಿ) ತೆಗೆದು ನೋಡಿ, ಮೊದಲ ಸಾಲಲ್ಲೇ ಪಾಲಿಸಿ ಡ್ರಾಪ್ (ಯಾವ ರೂಲೂ ಬಿಡದ್ದನ್ನು ಬೀಳಿಸು) ಅಂತ ಇರ್ತದೆ, ಅದು ಡಾಕರ್ ಮಾಡುದು. ಲಿಬ್‌ವರ್ಟ್ (ವರ್ಟ್-ಮ್ಯಾನೇಜರಿನ ಹಿಂದೆ ಓಡುವ ತಂತ್ರಾಂಶ) 10.4 ರಿಂದ ತನ್ನ ರೂಲುಗಳನ್ನು ಎನ್‌ಎಫ್‌ಟೇಬಲ್ಸಲ್ಲಿ (ಲಿನಕ್ಸಿನ ಹೊಸ ಫೈರ್‌ವಾಲ್ ವ್ಯವಸ್ಥೆ) ಬೇರೆ ಟೇಬಲಾಗಿ ಬರೀತದೆ. ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ಈಚೆ ಗೇಟಿನವರು ಬಿಟ್ಟು ಆಚೆ ಗೇಟಿನವರು ತಡೆದ್ರೆ ಮಂಗಳೂರಿಗೆ ಹೋಗ್ಲಿಕ್ಕೆ ಆಗ್ತದಾ, ಹಾಗೆ, ಲಿಬ್‌ವರ್ಟ್ ಒಪ್ಪಿದ್ರೂ ಡಾಕರಿನ ಡ್ರಾಪೇ ಕೊನೆ.

ಮಾಡಬೇಕಾದ್ದು ಇಷ್ಟೆ. ವಿಎಂ ಪೂರ್ತಿ ಶಟ್‌ಡೌನ್ ಮಾಡಿ. ಇಟಿಸಿ ಒಳಗಿನ ಲಿಬ್‌ವರ್ಟ್ ಫೋಲ್ಡರಲ್ಲಿ ನೆಟ್‌ವರ್ಕ್ ಡಾಟ್ ಕಾನ್ಫ್ ಉಂಟು, ಅದರಲ್ಲಿ ಫೈರ್‌ವಾಲ್ ಬ್ಯಾಕೆಂಡ್ ಸಾಲಿನ ಮುಂದಿನ ಹ್ಯಾಶ್ (#) ತೆಗೆದು ಬೆಲೆ (ವ್ಯಾಲ್ಯೂ) ಐಪಿಟೇಬಲ್ಸ್ ಅಂತ ಕೊಡಿ, ಆಗ ಲಿಬ್‌ವರ್ಟ್ ರೂಲುಗಳೂ ಅದೇ ಫಾರ್ವರ್ಡ್ ಚೈನಲ್ಲಿ, ಆ ಡ್ರಾಪಿಗಿಂತ ಮೊದಲೇ ಬರ್ತವೆ. ಆಮೇಲೆ ವರ್ಟ್‌ನೆಟ್‌ವರ್ಕ್‌ಡಿ ಸರ್ವೀಸ್ ರೀಸ್ಟಾರ್ಟ್ ಮಾಡಿ, ಡಿಫಾಲ್ಟ್ ನೆಟ್‌ವರ್ಕನ್ನು ಒಮ್ಮೆ ನಿಲ್ಲಿಸಿ ಪುನಃ ಶುರು ಮಾಡಿ. ಫೈರ್‌ವಾಲನ್ನೇ ಆಫ್ ಮಾಡಿ ಅಂತ ಕೆಲವರು ಹೇಳ್ತಾರೆ, ದಯವಿಟ್ಟು ಅದು ಮಾಡಬೇಡಿ.

ಪೆರ್ಲದ ಮಾಷ್ಟ್ರು:
ಬಂತು! ತುಂಬಾ ಉಪಕಾರ ಆಯ್ತು ಅಣ್ಣಾ, ಡಾಕರೂ ಹಾಗೇ ನಡೀತಾ ಉಂಟು. ಇನ್ನೊಂದು ಕೇಳುದು, ಮನೆಯ ವೈಫೈ ಪ್ರಿಂಟರ್ ಫೆಡೋರಾದಲ್ಲಿ ಕಾಣ್ತದೆ, ವಿಂಡೋಸಲ್ಲಿ ಹುಡುಕಿದ್ರೆ ಸಿಗುದಿಲ್ಲ, ಅದಕ್ಕೂ ಬ್ರಿಜ್ ಬೇಕಾ?

ಹೊಸಂಗಡಿ ರೂಟ್:
ಬೇಡ ಮಾಷ್ಟ್ರೇ. ಪ್ರಿಂಟರ್ ತಾನಾಗಿ ಕಾಣುದು ಮಲ್ಟಿಕಾಸ್ಟ್‌ನಿಂದ (ನೆಟ್‌ವರ್ಕಲ್ಲಿ ಹಲವರಿಗೆ ಒಟ್ಟಿಗೆ ಕೂಗಿ ಹೇಳುವ ಹಾಗೆ), ಅದು ನ್ಯಾಟ್ ದಾಟಿ ಒಳಗೆ ಬರುದಿಲ್ಲ, ಆದ್ರೆ ವಿಎಂನಿಂದ ಪ್ರಿಂಟರಿನ ಐಪಿಗೆ ನೇರ ಹೋಗ್ಲಿಕ್ಕೆ ಅಡ್ಡಿ ಇಲ್ಲ. ವಿಂಡೋಸಲ್ಲಿ ಟಿಸಿಪಿ/ಐಪಿ ಅಡ್ರೆಸ್ ಕೊಟ್ಟು ಪ್ರಿಂಟರ್ ಸೇರಿಸುವ ಆಯ್ಕೆ ಉಂಟಲ್ಲ, ಅಲ್ಲಿ ಹಾಕಿ. ರೌಟರಲ್ಲಿ ಆ ಪ್ರಿಂಟರಿಗೆ ಒಂದೇ ಐಪಿ ಸಿಗುವ ಹಾಗೆ ರಿಸರ್ವ್ ಮಾಡಿ ಇಡಿ, ಇಲ್ಲದಿದ್ರೆ ಕರೆಂಟ್ ಹೋಗಿ ಬಂದಾಗ ಐಪಿ ಬದಲಾದ್ರೆ ಪ್ರಿಂಟ್ ಪುನಃ ನಿಲ್ತದೆ.