ಯುವಿ ಎಲ್ಇಡಿ ಹಾಕಿದ್ಮೇಲೂ ಟೆಸ್ಟ್ ಬಾಟ್ಲಿ ಕಪ್ಪಾಗ್ತಿದೆ, ಎಲ್ಲಿ ತಪ್ತಿದೀನಿ?

ನೀರುಳ್ಳಿ:
ಎಲ್ರಿಗೂ ನಮಸ್ಕಾರ. ಬಾವಿ ನೀರಲ್ಲಿರೋ ಬ್ಯಾಕ್ಟೀರಿಯಾ ಕೊಲ್ಲೋಕೆ ನಾನೇ ಒಂದು ಯುವಿ (ನೇರಳಾತೀತ ಬೆಳಕಿನ) ಸೆಟಪ್ ಮಾಡ್ಕೊಂಡಿದೀನಿ. ಪಾದರಸದ ಟ್ಯೂಬಿನ ರಗಳೆ ಬೇಡ ಅಂತ 275 ನ್ಯಾನೋಮೀಟರ್ ತರಂಗಾಂತರದ ನಾಲ್ಕು ಎಲ್ಇಡಿ ತಗೊಂಡು ಸ್ಟೀಲ್ ಚೇಂಬರಿನ ಒಂದು ತುದೀಲಿ ಕೂರಿಸಿದೀನಿ, ಚೇಂಬರ್ 200 ಎಂಎಲ್ ಹಿಡಿಯುತ್ತೆ, ನಿಮಿಷಕ್ಕೆ 1.2 ಲೀಟರ್ ಹರಿಯೋ ಹಾಗೆ ವಾಲ್ವ್ ಬಿಗಿ ಮಾಡಿದೀನಿ, ಅಂದ್ರೆ ನೀರು ಒಳಗೆ 10 ಸೆಕೆಂಡ್ ಇರುತ್ತೆ ಅಂತ ಲೆಕ್ಕ. ಮುಂಚೆ 5 ಮೈಕ್ರಾನ್ ಫಿಲ್ಟರ್ ಇದೆ. ಆದ್ರೂ ಎಚ್‌ಟುಎಸ್ ಬಾಟ್ಲಿಗೆ (ನೀರಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಇದ್ರೆ ಕಪ್ಪಾಗೋ ಟೆಸ್ಟ್ ಬಾಟ್ಲಿ) ನೀರು ಹಾಕಿಟ್ರೆ ಬೆಳಗಾಗೋ ಅಷ್ಟರಲ್ಲಿ ಟಾರು ಬಳಿದಂಗೆ ಕಪ್ಪು. ಯುವಿ ಆಗ್ದೇ ಇರೋ ನೀರಿನ ಬಾಟ್ಲಿ ಪಕ್ಕ ಇಟ್ರೆ ಯಾವುದು ಯಾವುದು ಅಂತ ನಂಗೇ ಗೊತ್ತಾಗಲ್ಲ. ಸದ್ಯಕ್ಕೆ ಕುದಿಸಿ ಕುಡೀತಿದೀನಿ.

ಬೆಸುಗೆ:
ಟೈಟಾನಿಯಂ ಡೈಆಕ್ಸೈಡ್ ಪುಡಿ ಬೆರೆಸಿ ಗುರು, ಬೆಳಕು ಬಿದ್ರೆ ಬ್ಯಾಕ್ಟೀರಿಯಾ ಜೊತೆಗೆ ಕೆಮಿಕಲ್ಲೂ ಸುಟ್ಟೋಗುತ್ತೆ.

ಹಳೇಪಂಪು:
ಪುಡಿ ಗಿಡಿ ಏನೂ ಬೇಡ, ಅಷ್ಟು ಸಣ್ಣ ಪುಡೀನ ಆಮೇಲೆ ನೀರಿಂದ ಸೋಸಿ ತೆಗೆಯೋರು ಯಾರು? ಆ ಕೆಮಿಸ್ಟ್ರಿ ನಿಜಾನೇ, ಆದ್ರೆ 10 ಸೆಕೆಂಡಲ್ಲಿ ಆಗೋ ಕೆಲ್ಸ ಅಲ್ಲ ಅದು.

ನೀರುಳ್ಳಿಯವ್ರೇ, ಮೂರು ಪ್ರಶ್ನೆ. ಬಾಟ್ಲಿ ನೀರು ಹಾಕಿದ ತಕ್ಷಣ ಕಪ್ಪಾಗುತ್ತಾ, ಇಲ್ಲಾ ಗಂಟೆಗಟ್ಟಲೆ ಆದ್ಮೇಲಾ? ತಕ್ಷಣ ಆದ್ರೆ ನೀರಲ್ಲೇ ಕೊಳೆತ ಮೊಟ್ಟೆ ವಾಸ್ನೆಯ ಗ್ಯಾಸ್ ಇದೆ ಅಂತ, ಅದು ಬ್ಯಾಕ್ಟೀರಿಯಾ ಲೆಕ್ಕಕ್ಕೆ ಬರಲ್ಲ. ಎರಡು, ನೀರನ್ನ ಬಿಳೀ ಬಕೆಟ್‌ಗೆ ತುಂಬಿ ಮೇಲಿಂದ ನೋಡಿದ್ರೆ ಟೀ ತೊಳೆದ ನೀರಿನ ಥರ ಹಳದಿ ಕಾಣುತ್ತಾ? ನಮ್ಮ ಕಣ್ಣಿಗೆ ತಿಳಿಯಾಗಿ ಕಂಡ್ರೂ ಎಲೆ ಕೊಳೆತ ಸಾರ, ಕಬ್ಬಿಣ ಇದ್ರೆ ಯುವಿನ ಅದೇ ನುಂಗಿಬಿಡುತ್ತೆ. ಒಂದು ಸೆಂಟಿಮೀಟರ್ ದಾಟೋಕೆ 70 ಪರ್ಸೆಂಟ್ ಉಳಿಯುತ್ತೆ ಅಂದ್ಕೊಳ್ಳಿ, ಮೂರು ಸೆಂಟಿಮೀಟರ್ ಹೋಗೋ ಅಷ್ಟರಲ್ಲಿ 34 ಉಳೀತು ಅಷ್ಟೇ. ಮೂರನೇದು ಮುಖ್ಯ, ಎಲ್ಇಡಿಗೂ ನೀರಿಗೂ ಮಧ್ಯೆ ಏನಿದೆ?

ನೀರುಳ್ಳಿ:
ತಕ್ಷಣ ಅಲ್ಲ ಸಾರ್, ರಾತ್ರಿ ಇಟ್ರೆ ಬೆಳಗ್ಗೆ. ಬಕೆಟ್ ನೋಡ್ದೆ, ಹಳದಿ ಏನಿಲ್ಲ. ಮಧ್ಯೆ ಕ್ವಾರ್ಟ್ಜ್ ಬಿಲ್ಲೆ ಇತ್ತು, ಸ್ಕ್ರೂ ಜಾಸ್ತಿ ಬಿಗಿ ಮಾಡಿ ಬಿರುಕು ಬಿಡ್ತು, ಆಮೇಲೆ ಫೋಟೋ ಫ್ರೇಮಿನ ಗ್ಲಾಸ್ ಕತ್ತರಿಸಿ ಹಾಕಿದೀನಿ. ಚೆನ್ನಾಗೇ ಕೂತಿದೆ, ಒಂದು ಹನಿ ಲೀಕ್ ಇಲ್ಲ.

ಹಳೇಪಂಪು:
ಲೀಕ್ ಇಲ್ಲ, ಬೆಳಕೂ ಇಲ್ಲ 😄 ಮಾಮೂಲಿ ಗ್ಲಾಸ್ 275ನ್ನ ಹೆಚ್ಚುಕಮ್ಮಿ ಪೂರ್ತಿ ತಡೆಯುತ್ತೆ, ಅಕ್ರಿಲಿಕ್ಕೂ ಅಷ್ಟೇ. ನೀವೇ ನೋಡ್ಬೋದು: ಕೋಣೆ ಕತ್ತಲೆ ಮಾಡಿ, ಪಾಲಿಕಾರ್ಬೊನೇಟ್ ಫೇಸ್ ಶೀಲ್ಡ್, ಕೈಗೆ ಗ್ಲೌಸ್, ಉದ್ದ ತೋಳಿನ ಅಂಗಿ ಹಾಕ್ಕೊಂಡು (ಇದನ್ನ ತಮಾಷೆ ಮಾಡ್ಬೇಡಿ, ಕಣ್ಣಿಗೆ ಮರಳು ಬಿದ್ದಂಗೆ ರಾತ್ರಿಯೆಲ್ಲ ಉರಿ ಅನುಭವಿಸಿದ್ದೀನಿ) ಎಲ್ಇಡಿ ಮುಂದೆ ಪ್ರಿಂಟರ್ ಪೇಪರ್ ಹಿಡೀರಿ, ನೀಲಿಯಾಗಿ ಹೊಳೆಯುತ್ತೆ. ಮಧ್ಯೆ ಆ ಗ್ಲಾಸ್ ಚೂರು ತನ್ನಿ. ಹೊಳಪು ಸತ್ತರೆ ಎಲ್ಇಡಿ ಸರಿ, ಗ್ಲಾಸೇ ಕಳ್ಳ. ಗ್ಲಾಸ್ ಹಿಡಿದ್ರೂ ಹಂಗೇ ಹೊಳೀತಿದ್ರೆ ನಿಮಗೆ ಕೊಟ್ಟಿರೋದು 395ರ ನೇರಳೆ ದೀಪ, ನೋಟು ಚೆಕ್ ಮಾಡೋಕೆ ಆಗುತ್ತೆ, ಬ್ಯಾಕ್ಟೀರಿಯಾಗೆ ಸಾಕಾಗಲ್ಲ.

ನೀರುಳ್ಳಿ:
ಹೊಳಪು ಸತ್ತೋಯ್ತು ಸಾರ್! ಇಷ್ಟು ದಿನ ಸುಮ್ನೆ ಗ್ಲಾಸ್ ಬಿಸಿ ಮಾಡ್ತಿದ್ದೆ. ಹೊಸ ಕ್ವಾರ್ಟ್ಜ್ ತರಿಸ್ತೀನಿ.

ನೀರುಳ್ಳಿ: (9 ದಿನ ಬಿಟ್ಟು)
ಕ್ವಾರ್ಟ್ಜ್ ಹಾಕ್ದೆ. ಬೆಳಗ್ಗೆ ಕಪ್ಪಾಗಿರ್ಲಿಲ್ಲ, ಖುಷಿಯಾಯ್ತು, ಆದ್ರೆ ಎರಡನೇ ದಿನ ಸಂಜೆಗೆ ತಳದಲ್ಲಿ ಬೂದಿ ಬಣ್ಣ ಬಂತು. ಎಲ್ಇಡಿ ಪವರ್ ಸಾಲ್ತಿಲ್ವಾ?

ಸ್ಪ್ಯಾನರ್:
ಸ್ಯಾಂಪಲ್ ಎಲ್ಲಿಂದ ಹಿಡೀತಿದೀರ, ನಲ್ಲಿಯಿಂದಾನಾ? ಯುವಿ ಕೆಲ್ಸ ಚೇಂಬರ್ ಒಳಗೆ ಮಾತ್ರ, ಕ್ಲೋರಿನ್ ಥರ ನೀರಿನ ಜೊತೆ ಪೈಪಿಗೆ ಬರಲ್ಲ. ತಿಂಗಳಗಟ್ಟಲೆ ಕೆಟ್ಟ ನೀರು ಓಡಿರೋ ಪೈಪ್ ಒಳಗೆ ಬೆರಳಾಡಿಸಿ ನೋಡಿ, ಲೋಳೆ ಸಿಗುತ್ತೆ. ಬ್ಲೀಚ್ ನೀರು ತುಂಬಿ ಒಂದು ರಾತ್ರಿ ಬಿಟ್ಟು, ವಾಸ್ನೆ ಹೋಗೋವರೆಗೂ ನೀರು ಬಿಟ್ಟು ಚೆಲ್ಲಿ.

ಹಳೇಪಂಪು:
ಹೌದು, ಮೊದಲು ಅದು. ಪವರ್ ಬಗ್ಗೆ: ಮನೆ ಯುವಿ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಹಿಡಿಯೋ ಗುರಿ, ಅಂದ್ರೆ ನೀರಿಗೆ ಒಟ್ಟು ಬೀಳ್ಬೇಕಾದ ಯುವಿ ಡೋಸ್, ಚದರ ಸೆಂಟಿಮೀಟರಿಗೆ 40 ಮಿಲಿಜೂಲ್. ನಿಮ್ಮ 10 ಸೆಕೆಂಡಿಗೆ ಸರಾಸರಿ 4 ಮಿಲಿವ್ಯಾಟ್ ಬೀಳ್ಬೇಕು. ಆದ್ರೆ ಎಲ್ಲಾ ನೀರೂ 10 ಸೆಕೆಂಡ್ ಇರಲ್ಲ, ಒಂದಷ್ಟು ಗೋಡೆ ಪಕ್ಕದಲ್ಲಿ ನುಸುಳಿ ಮೂರ್ನಾಲ್ಕು ಸೆಕೆಂಡಲ್ಲೇ ಪಾರಾಗುತ್ತೆ. ಒಳಗೆ ಎರಡು ತಡೆ ತಟ್ಟೆ ಹಾಕಿ, ಎಲ್ಇಡಿ ಬೆಳಕಿಗೆ ಅಡ್ಡ ಬರದ ಹಾಗೆ. ಎಲ್ಇಡಿ ಹಿಂದಿನ ಹೀಟ್‌ಸಿಂಕ್ ಮುಟ್ಟೋಕಾಗದಷ್ಟು ಬಿಸಿ ಆಗ್ತಿದ್ರೆ ಬೆಳಕೂ ಇಳಿಯುತ್ತೆ, ಬಾಳಿಕೆಯೂ ಇಳಿಯುತ್ತೆ.

ಬೆಸುಗೆ:
ನಮ್ಮ ನೀರಲ್ಲಿ ನೈಟ್ರೇಟ್ ಇದೆ, ಇದೇ ಸೆಟಪ್ ಸಾಕಾ?

ಹಳೇಪಂಪು:
ಸಾಲಲ್ಲ. ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್ ಇದ್ಯಾವ್ದಕ್ಕೂ ಈ ಬೆಳಕು ತಾಗಲ್ಲ, ಆರ್‌ಒ ಅಥವಾ ಅದಕ್ಕೇ ಅಂತ ಇರೋ ರೆಸಿನ್ ನೋಡ್ಬೇಕು. ಬೇರೆ ಥ್ರೆಡ್ ಹಾಕಿ, ಇಲ್ಲಿ ಕಲಸಬೇಡಿ.

ನೀರುಳ್ಳಿ:
ಪೈಪಲ್ಲಿ ಲೋಳೆ ಇದ್ದೇ ಇತ್ತು, ಥೂ. ಬ್ಲೀಚ್ ಹಾಕಿ ತೊಳೆದೆ, ತಟ್ಟೆ ಎರಡೂ ಕೂರಿಸ್ದೆ. ಮೂರು ಸ್ಯಾಂಪಲ್ 48 ಗಂಟೆ ಇಟ್ಟೆ, ಒಂದೂ ಕಪ್ಪಾಗಿಲ್ಲ. ಲ್ಯಾಬಿಗೂ ಒಂದು ಬಾಟ್ಲಿ ಕೊಟ್ಟಿದೀನಿ, ರಿಪೋರ್ಟ್ ಬರೋವರೆಗೂ ಕುದಿಸೋದು ನಿಲ್ಸಲ್ಲ. ಕತ್ತರಿಸಿದ ಗ್ಲಾಸಿಗೆ ಸರಿಹೋಗೋ ಫೋಟೋ ಹುಡುಕ್ತಿದೀನಿ.