ಮನೆಗೆ ಪೊಲೀಸರು ಬಂದರೆ ನಾಯಿ ಗತಿಯೇನು? ಅಮೆರಿಕದಲ್ಲಿ ನಾಯಿ ಸಾಕಿದವರ ಅನುಭವ ಬೇಕು

ಪ್ರಶ್ನೆ: ಟೆಕ್ಸಾಸ್‌ನಿಂದ

ಎಲ್ಲರಿಗೂ ನಮಸ್ಕಾರ. ನಾವಿರೋದು ಆಸ್ಟಿನ್ ಪಕ್ಕದಲ್ಲಿ. ಮನೆಯಲ್ಲಿ ಜರ್ಮನ್ ಶೆಫರ್ಡ್ ಬೆರಕೆ ನಾಯಿ ಇದೆ, ಹೆಸರು ರಾಜ. ಮಕ್ಕಳು ಬಾಲ ಎಳೆದರೂ ಸುಮ್ಮನಿರುತ್ತಾನೆ. ಆದರೆ ಬೆಲ್ ಆದರೆ ಮುಗೀತು, ಬೊಗಳುತ್ತಾ ಬಾಗಿಲಿಗೆ ಓಡುತ್ತಾನೆ. ಮೊನ್ನೆ ಹಿಂದಿನ ಬಾಗಿಲು ಗಾಳಿಗೆ ತೆರೆದುಕೊಂಡು ಅಲಾರಂ ಹೊಡೆಯಿತು. ಪೊಲೀಸರು ಬಂದರು. ಏನೂ ಆಗಲಿಲ್ಲ, ಚೆನ್ನಾಗಿ ಮಾತಾಡಿಸಿಯೇ ಹೋದರು. ಆದರೆ ರಾಜ ಕಿಟಕಿಗೆ ಹಾರಿದಾಗ ಒಬ್ಬರ ಕೈ ಸೊಂಟದ ಗನ್ ಮೇಲೆ ಹೋಗಿದ್ದನ್ನು ನಾನು ನೋಡಿದೆ. ಅವತ್ತಿಂದ ಅದೇ ಚಿಂತೆ. ಮುಂದಿನ ತಿಂಗಳು ಮೈಸೂರಿನಿಂದ ಅತ್ತೆ ಮಾವ ಬರುತ್ತಿದ್ದಾರೆ. ಹಗಲೆಲ್ಲಾ ಮನೆಯಲ್ಲಿ ಅವರಿಬ್ಬರೇ. ನೀವೆಲ್ಲ ಏನು ವ್ಯವಸ್ಥೆ ಮಾಡಿಕೊಂಡಿದ್ದೀರಿ? ಪೊಲೀಸರು ಸರಿಯೋ ತಪ್ಪೋ ಅನ್ನೋ ಜಗಳ ಬೇಡ, ಉಪಾಯ ಹೇಳಿ.

ಉತ್ತರ: ಮೇರಿಲ್ಯಾಂಡ್‌ನಿಂದ

ನಿಮ್ಮ ಭಯ ಸುಮ್ನೆ ಅಲ್ಲ. ನಿಮ್ಮ ಆಸ್ಟಿನ್‌ನಲ್ಲೇ 2012ರ ಏಪ್ರಿಲ್‌ನಲ್ಲಿ ಸಿಸ್ಕೋ ಅನ್ನೋ ನಾಯಿಗೆ ಹೀಗಾಯಿತು. ಮಾಲೀಕ ಹಿತ್ತಲಲ್ಲಿ ಅದರ ಜೊತೆ ಫ್ರಿಸ್ಬೀ ಆಡುತ್ತಿದ್ದವರು ಮನೆ ಮುಂದಿನ ಗಾಡಿ ಹತ್ತಿರ ಬಂದಿದ್ದಾರೆ. ಅಷ್ಟರಲ್ಲಿ ಗಲಾಟೆ ಅಂತ ಕರೆ ಬಂದು ಒಬ್ಬ ಅಧಿಕಾರಿ ಗನ್ ಹಿಡಿದು ಬಂದಿದ್ದಾರೆ. ಬಂದಿದ್ದೇ ತಪ್ಪು ಮನೆಗೆ. ಹಿಂದಿನಿಂದ ನಾಯಿ ಬೊಗಳುತ್ತಾ ಓಡಿ ಬಂತು, ಗುಂಡು ಹಾರಿತು. ಆ ಸುದ್ದಿ ದೇಶವೆಲ್ಲಾ ಹರಡಿತು. ಮುಂದೆ 2015ರಲ್ಲಿ ಟೆಕ್ಸಾಸ್ ಸರ್ಕಾರ ಪೊಲೀಸರಿಗೆ ನಾಯಿಗಳ ವರ್ತನೆ ಬಗ್ಗೆ ಕನಿಷ್ಠ 4 ಗಂಟೆ ತರಬೇತಿ ಕಡ್ಡಾಯ ಮಾಡಿತು.

ನಮ್ಮ ಕಡೆಯದು ಇನ್ನೂ ಹಳೆಯ ಕಥೆ. 2008ರ ಜುಲೈನಲ್ಲಿ ಬರ್ವಿನ್ ಹೈಟ್ಸ್ ಅನ್ನೋ ಪುಟ್ಟ ಊರಿನ ಮೇಯರ್ ಕಾಲ್ವೋ ಅವರ ಮನೆಗೆ ಒಂದು ಪಾರ್ಸೆಲ್ ಬಂತು. ಒಳಗಿದ್ದದ್ದು ಗಾಂಜಾ. ಯಾರೋ ಕಳ್ಳಸಾಗಣೆಯವರು ಅವರ ಹೆಂಡತಿಯ ಹೆಸರು ಬರೆದು ಕಳಿಸಿದ್ದರು. ಮನೆಯವರಿಗೆ ಗೊತ್ತೇ ಇಲ್ಲ. ಅತ್ತೆ ಅಡುಗೆ ಮನೆಯಲ್ಲಿದ್ದರು. ಸ್ವಾಟ್ ಅನ್ನೋ ವಿಶೇಷ ಶಸ್ತ್ರಸಜ್ಜಿತ ಪೊಲೀಸ್ ತಂಡ ಬಾಗಿಲು ಒಡೆದು ನುಗ್ಗಿ ಎರಡು ಕಪ್ಪು ಲ್ಯಾಬ್ರಡಾರ್‌ಗಳನ್ನು ಕೊಂದಿತು. ಒಂದು ಓಡಿಹೋಗುತ್ತಿತ್ತು ಅಂತ ಮನೆಯವರು ಹೇಳಿದರು. ನೋಡಿ, ಲ್ಯಾಬ್! ಆ ಊರಿನ ಮೇಯರ್!

ಈ ಎರಡೂ ಕಥೆ ಹೇಳಿದ್ದಕ್ಕೆ ಕಾರಣ ಇದೆ. ಬಾಗಿಲು ಒಡೆದು ಬರುವ ದಾಳಿಗೆ ನೀವು ಏನೂ ಮಾಡೋಕಾಗಲ್ಲ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಸಾಮಾನ್ಯ ಭೇಟಿಗಳಲ್ಲೂ ಹೀಗಾಗುತ್ತೆ: ಅಲಾರಂ, ಪಕ್ಕದ ಮನೆ ಗಲಾಟೆ, ತಪ್ಪು ವಿಳಾಸ, ಯಾರನ್ನೋ ಹುಡುಕಿಕೊಂಡು ಬರುವುದು. ಇಲ್ಲಿ ನಾಯಿಗೂ ಪೊಲೀಸರಿಗೂ ನಡುವೆ ಒಂದು ಬಾಗಿಲೋ ಗೇಟೋ ಇದ್ದರೆ ಅಪಾಯ ಬಹಳ ಕಮ್ಮಿ. ನನ್ನ ಪ್ರಕಾರ ಮಾಲೀಕರ ಜವಾಬ್ದಾರಿ ಅಂದರೆ ಇಷ್ಟೇ. ಆ ಅಡ್ಡ ಯಾವಾಗಲೂ ಇರಬೇಕು.

ನಮ್ಮ ಮನೆಯಲ್ಲಿ ಮುಂಬಾಗಿಲಿಂದ ನಾಲ್ಕು ಹೆಜ್ಜೆ ಒಳಗೆ ಮಕ್ಕಳಿಗೆ ಹಾಕುವ ಬೇಬಿ ಗೇಟ್ ಹಾಕಿದ್ದೇವೆ. ಮಕ್ಕಳು ದೊಡ್ಡವರಾದರೂ ತೆಗೆದಿಲ್ಲ. ಎತ್ತರದ್ದು ತಗೊಳ್ಳಿ, ಶೆಫರ್ಡ್ ಸಣ್ಣದನ್ನು ಹಾರಿಬಿಡುತ್ತೆ. ಗೋಡೆಗೆ ಸ್ಕ್ರೂ ಹೊಡೆಯೋ ಥರದ್ದೇ ಬೇಕು, ಒತ್ತಡದ ಮೇಲೆ ನಿಲ್ಲೋದು ನಾಯಿ ಮೈಮೇಲೆ ಬಿದ್ದರೆ ಕಳಚಿಕೊಳ್ಳುತ್ತೆ. ಬಾಗಿಲ ಪಕ್ಕ ಕೊಕ್ಕೆಗೆ ಬೆಲ್ಟ್ ನೇತುಹಾಕಿರಿ. ಅದನ್ನು ವಾಕಿಂಗ್‌ಗೆ ತಗೊಂಡು ಹೋಗಬೇಡಿ, ಅದು ಅಲ್ಲೇ ಇರಬೇಕು.

ಉತ್ತರ: ಮಿನ್ನೆಸೋಟಾದಿಂದ

ಅಲಾರಂ ಅಂದ್ರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಮಿನಿಯಾಪೊಲಿಸ್‌ನಲ್ಲಿ 2017ರ ಜುಲೈನಲ್ಲಿ ಒಂದು ಮನೆಯಲ್ಲಿ ಹೀಗೇ ಗೊತ್ತಿಲ್ಲದೆ ಅಲಾರಂ ಹೊಡೆದಿತ್ತು. ಅದು ಸುಳ್ಳು ಅಲಾರಂ ಅಂತ ಮನೆಯವರಿಗೆ ಗೊತ್ತಾಗಿ ನಿಲ್ಲಿಸಿಯೂ ಆಗಿತ್ತು. ಆದರೂ ಒಬ್ಬ ಅಧಿಕಾರಿ ಬೇಲಿ ಹಾರಿ ಹಿತ್ತಲಿಗೆ ಬಂದರು. ಎರಡು ನಾಯಿಗಳು ಹತ್ತಿರ ಬಂದವು, ಎರಡಕ್ಕೂ ಗುಂಡು ಬಿತ್ತು. ಪುಣ್ಯಕ್ಕೆ ಎರಡೂ ಬದುಕಿದವು. ಮನೆಯ ಕ್ಯಾಮೆರಾದಲ್ಲಿ ಎಲ್ಲ ದಾಖಲಾಗಿತ್ತು. ವಿಡಿಯೋದಲ್ಲಿ ಮೊದಲನೆಯ ನಾಯಿ ಬಾಲ ಆಡಿಸುತ್ತಾ ಬಂದ ಹಾಗೆ ಕಾಣುತ್ತೆ.

ಆಮೇಲೆ ನಾನು ಮಾಡಿದ್ದು ಇದು. ಅಲಾರಂ ಕಂಪನಿಗೆ ಫೋನ್ ಮಾಡಿ ನಮ್ಮ ಖಾತೆಯಲ್ಲಿ ‘ಮನೆಯಲ್ಲಿ ನಾಯಿ ಇದೆ, ಹಿತ್ತಲಲ್ಲೂ ಇರಬಹುದು’ ಅಂತ ಬರೆಸಿದೆ. ಪೊಲೀಸರಿಗೆ ಹೇಳುವ ಮೊದಲು ಎರಡು ನಂಬರ್‌ಗೆ ಫೋನ್ ಮಾಡಬೇಕು ಅಂತಲೂ ಹೇಳಿದೆ. ಒಂದು ನನ್ನದು, ಒಂದು ಪಕ್ಕದ ಮನೆಯವರದು. ಸುಳ್ಳು ಅಲಾರಂ ಆದರೆ ರದ್ದು ಮಾಡುವ ಗುಪ್ತ ಪದ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ ಇರಲಿ. ಇನ್ನೊಂದು, ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಯನ್ನು ಹಿತ್ತಲಲ್ಲಿ ಬಿಟ್ಟು ಹೋಗಬೇಡಿ. ಒಳಗಿದ್ದರೆ ಪೊಲೀಸರು ಕಿಟಕಿಯಿಂದ ನೋಡಿ ಹೋಗುತ್ತಾರೆ. ಹಿತ್ತಲಲ್ಲಿದ್ದರೆ ಎದುರಾಬದುರು.

ಉತ್ತರ: ನ್ಯೂಜೆರ್ಸಿಯಿಂದ

ಜಗಳ ಬೇಡ ಅಂದ್ರಿ, ಆದರೂ ಒಂದು ಮಾತು ಹೇಳಿಬಿಡ್ತೀನಿ. ಇದೆಲ್ಲಾ ನಾವೇ ಯಾಕೆ ಮಾಡಬೇಕು? ಅಂಚೆಯವರು ದಿನಾ ಮನೆ ಮನೆಗೂ ಬರುತ್ತಾರೆ. ವರ್ಷಕ್ಕೆ 5,000ಕ್ಕೂ ಹೆಚ್ಚು ಅಂಚೆಯವರಿಗೆ ನಾಯಿ ಕಚ್ಚುತ್ತೆ. ಅವರ ಹತ್ತಿರ ಇರೋದು ಒಂದು ಸ್ಪ್ರೇ, ಅಡ್ಡ ಹಿಡಿಯೋಕೆ ಹೆಗಲ ಚೀಲ. ಅವರು ನಾಯಿಗೆ ಗುಂಡು ಹೊಡೆಯೋದಿಲ್ಲ. ಪೊಲೀಸರು ಎಷ್ಟು ನಾಯಿ ಕೊಲ್ಲುತ್ತಾರೆ ಅಂತ ದೇಶದ ಮಟ್ಟದಲ್ಲಿ ಲೆಕ್ಕ ಇಡುವವರೂ ಇಲ್ಲ. ವರ್ಷಕ್ಕೆ 10,000 ಅಂತ ಎಲ್ಲರೂ ಹೇಳುತ್ತಾರೆ, ಅದು ಬರೀ ಅಂದಾಜು.

ಮಿಸೌರಿಯ ಸ್ಟರ್ಜನ್ ಊರಲ್ಲಿ 2024ರ ಮೇನಲ್ಲಿ ಆದದ್ದು ನೋಡಿ. ಟೆಡ್ಡಿ ಅಂತ ಶಿಟ್ಜು ತಳಿಯ ಪುಟ್ಟ ನಾಯಿ, 13 ಪೌಂಡ್, ಅಂದರೆ 6 ಕೆಜಿ. ಕುರುಡು, ಕಿವುಡು ಬೇರೆ. ದಾರಿ ತಪ್ಪಿ ಬಂದಿದೆ, ಮಾಲೀಕರಿಗೆ ಮುಟ್ಟಿಸಿ ಅಂತ ಅಕ್ಕಪಕ್ಕದವರು ಫೋನ್ ಮಾಡಿದ್ದರು. ಬಂದ ಅಧಿಕಾರಿ ಕುಣಿಕೆ ಕೋಲಿನಿಂದ ಹಿಡಿಯಲು ನೋಡಿ, ಆಗದೆ ಗುಂಡು ಹೊಡೆದರು. ಕೊನೆಗೆ 5 ಲಕ್ಷ ಡಾಲರ್‌ಗೆ ರಾಜಿ ಆಯಿತು. ಇದಕ್ಕೆ ಬೇಬಿ ಗೇಟ್ ಏನು ಮಾಡುತ್ತೆ ಹೇಳಿ?

ಉತ್ತರ: ಮೇರಿಲ್ಯಾಂಡ್‌ನಿಂದ, ಮತ್ತೆ

ನಿಜ ಸಾರ್, ಒಪ್ಪಿದೆ. ತಪ್ಪು ಯಾರದ್ದು ಅನ್ನೋದು ಬೇರೆ, ನಾಯಿ ಉಳಿಯೋದು ಹೇಗೆ ಅನ್ನೋದು ಬೇರೆ. ಮೊದಲನೆಯದಕ್ಕೆ ಕೋರ್ಟು ಇದೆ, ಎರಡನೆಯದಕ್ಕೆ ನಾವೇ. ಕೋರ್ಟಿನಲ್ಲೂ ಏನು ಸಿಗುತ್ತೆ? ನಮ್ಮ ಆ್ಯನ್ ಅರುಂಡೆಲ್ ಕೌಂಟಿಯಲ್ಲಿ 2014ರಲ್ಲಿ ವರ್ನ್ ಅನ್ನೋ ನಾಯಿ ಪೊಲೀಸರ ಗುಂಡಿಗೆ ಸತ್ತಾಗ ಜ್ಯೂರಿ 12 ಲಕ್ಷ ಡಾಲರ್‌ಗೂ ಹೆಚ್ಚು ಕೊಡಿ ಅಂದಿತು. 2021ರಲ್ಲಿ ರಾಜ್ಯದ ಅತ್ಯುನ್ನತ ಕೋರ್ಟು, ಸಾಕುಪ್ರಾಣಿ ಸತ್ತರೆ ಕಾನೂನಿನಲ್ಲಿ ಇಷ್ಟೇ ಮಿತಿ ಅಂತ ನಾಯಿಯ ಸಾವಿನ ಪರಿಹಾರವನ್ನು 7,500 ಡಾಲರ್‌ಗೆ ಇಳಿಸಿತು.

ಉತ್ತರ: ಕೊಲರಾಡೋದಿಂದ

ನಾನು ಇಲ್ಲಿನ ಪ್ರಾಣಿ ಆಶ್ರಯ ಕೇಂದ್ರದಲ್ಲಿ ವಾರಾಂತ್ಯ ಕೆಲಸಕ್ಕೆ ಹೋಗುತ್ತೇನೆ. ಇಲ್ಲಿ 2013ರಲ್ಲೇ ನಾಯಿ ರಕ್ಷಣೆ ಕಾಯ್ದೆ ಬಂತು. ಹಿಂದಿನ ವರ್ಷ ಕಾಮರ್ಸ್ ಸಿಟಿಯಲ್ಲಿ ಕ್ಲೋಯಿ ಅನ್ನೋ ನಾಯಿಯನ್ನು ಕುಣಿಕೆ ಕೋಲಿಗೆ ಸಿಕ್ಕಿಸಿದ ಮೇಲೂ ಗುಂಡು ಹೊಡೆದಿದ್ದರು, ಅದರ ವಿಡಿಯೋ ನೋಡಿ ಜನ ಕೆರಳಿದ್ದರು. ಹಾಗಾಗಿ ಪೊಲೀಸರ ತರಬೇತಿಯಲ್ಲಿ ಏನು ಹೇಳಿಕೊಡುತ್ತಾರೆ ಅಂತ ಸ್ವಲ್ಪ ಗೊತ್ತು. ಅದನ್ನು ತಿಳಿದುಕೊಂಡರೆ ನಮಗೂ ಉಪಯೋಗ.

ಹಿತ್ತಲಿಗೆ ಕಾಲಿಡುವ ಮೊದಲು ಗೇಟ್ ಅಲ್ಲಾಡಿಸಿ ಸದ್ದು ಮಾಡಿ, ಶಿಳ್ಳೆ ಹಾಕಿ ಅಂತಾರೆ. ನಾಯಿ ಇರುವ ಗುರುತು ಹುಡುಕಿ ಅಂತಾರೆ: ನೀರಿನ ಬಟ್ಟಲು, ಅಗಿದ ಚೆಂಡು, ಹುಲ್ಲು ಸವೆದು ಬೇಲಿ ಉದ್ದಕ್ಕೂ ಬಿದ್ದ ದಾರಿ, ಹೇಲು. ಅಂದರೆ ಹುಡುಕುವ ಕಣ್ಣಿಗೆ ಗುರುತು ಕಾಣಬೇಕು. ನಮ್ಮಲ್ಲಿ ಕೆಲವರು ಹಿತ್ತಲು ಚೊಕ್ಕಟವಾಗಿ ಇಟ್ಟು ನೀರಿನ ಬಟ್ಟಲನ್ನು ಮೂಲೆಯಲ್ಲಿ ಬಚ್ಚಿಡುತ್ತಾರೆ. ಅದನ್ನು ಗೇಟಿನಿಂದ ಕಾಣುವ ಜಾಗಕ್ಕೆ ಸರಿಸಿ, ಅಷ್ಟೇ. ಗೇಟಿಗೆ ಒಂದು ಬೋರ್ಡ್ ಹಾಕಿ. ಊರಲ್ಲಿ ‘ನಾಯಿ ಇದೆ ಎಚ್ಚರಿಕೆ’ ಅಂತ ಹಾಕ್ತೀವಲ್ಲ, ಇಲ್ಲಿ ಆ ಎಚ್ಚರಿಕೆಯ ಮಾತು ಬೇಡ ಅಂತ ಕೆಲವು ವಕೀಲರು ಹೇಳುತ್ತಾರೆ. ಮುಂದೆ ನಾಯಿ ಯಾರನ್ನಾದರೂ ಕಚ್ಚಿದರೆ ‘ಇವರಿಗೆ ಮೊದಲೇ ಗೊತ್ತಿತ್ತು’ ಅಂತ ನಮ್ಮ ಮೇಲೇ ತಿರುಗಿಸಬಹುದು. ‘ಒಳಗೆ ನಾಯಿ ಇದೆ, ಗೇಟ್ ಮುಚ್ಚಿ’ ಅಂತ ಇದ್ದರೆ ಸಾಕು.

ನಾಯಿಗೆ ಕಲಿಸಬೇಕಾದ್ದು ಒಂದೇ. ಬೆಲ್ ಆದರೆ ತನ್ನ ಚಾಪೆಗೆ ಹೋಗೋದು. ಹೇಗೆ ಅಂದರೆ: ಒಬ್ಬರು ಹೊರಗೆ ನಿಂತು ಬೆಲ್ ಒತ್ತಬೇಕು, ಒಳಗಿದ್ದವರು ತಕ್ಷಣ ಚಾಪೆ ಮೇಲೆ ಚಿಕನ್ ಚೂರು ಹಾಕಬೇಕು. ಬಾಗಿಲು ತೆರೆಯಲೇಬಾರದು. ಬರೀ ಬೆಲ್, ಚಿಕನ್, ಬೆಲ್, ಚಿಕನ್. ಕೆಲವು ವಾರಕ್ಕೆ ಬೆಲ್ ಅಂದರೆ ಚಾಪೆ ಅಂತ ತಲೆಗೆ ಹೋಗುತ್ತೆ. ಆಮೇಲೆ ಬಾಗಿಲು ಸ್ವಲ್ಪ ತೆರೆಯಿರಿ. ಕೊನೆಗೆ ಗುರುತಿಲ್ಲದ ಗಂಡಸೊಬ್ಬರು ಬಂದು ಮುಷ್ಟಿಯಿಂದ ಜೋರಾಗಿ ಬಾಗಿಲು ಬಡಿಯಲಿ. ಪೊಲೀಸರು ಬೆಲ್ ಒತ್ತೋದು ಕಮ್ಮಿ, ಬಡಿಯೋದೇ ಜಾಸ್ತಿ. ಬಹಳ ಜನ ಬೆಲ್‌ಗೆ ಮಾತ್ರ ಅಭ್ಯಾಸ ಮಾಡಿಸಿ ಇದನ್ನು ಮರೆಯುತ್ತಾರೆ. ಇಷ್ಟೆಲ್ಲ ಆದರೂ ಗೇಟ್ ಬೇಕು. ಗಾಬರಿಯಲ್ಲಿ ನಾಯಿ ಪಾಠ ಮರೆಯುತ್ತೆ.

ಉತ್ತರ: ಕ್ಯಾಲಿಫೋರ್ನಿಯಾದಿಂದ

ಕಾನೂನು ಕಡೆ ಸ್ವಲ್ಪ ಓದಿಕೊಂಡಿದ್ದೇನೆ, ವಕೀಲೆ ಅಲ್ಲ. ಅಮೆರಿಕದ ಕಾನೂನಿನಲ್ಲಿ ನಾಯಿ ಆಸ್ತಿ. ಕೇಳೋಕೆ ಬೇಜಾರು, ಆದರೆ ಅದೇ ನಮ್ಮ ಹಿಡಿತ. ಕಾರಣವಿಲ್ಲದೆ ಕೊಂದರೆ ಸಕಾರಣವಿಲ್ಲದೆ ಸರ್ಕಾರ ಜನರ ಆಸ್ತಿ ವಶಪಡಿಸಿಕೊಳ್ಳೋದನ್ನು ತಡೆಯುವ ಸಂವಿಧಾನದ 4ನೇ ತಿದ್ದುಪಡಿಯ ಉಲ್ಲಂಘನೆ ಅಂತ ಹಲವು ಫೆಡರಲ್ ಕೋರ್ಟುಗಳು ಹೇಳಿವೆ. 2005ರಲ್ಲಿ ಇಲ್ಲಿನ 9ನೇ ಸರ್ಕ್ಯೂಟ್ ಕೋರ್ಟು (ಫೆಡರಲ್ ಮೇಲ್ಮನವಿ ಕೋರ್ಟು) ಸ್ಯಾನ್ ಹೊಸೆ ಪೊಲೀಸರಿಗೆ ಕೇಳಿದ್ದು ಇಷ್ಟೇ: ಮನೆಯಲ್ಲಿ ನಾಯಿ ಇದೆ ಅಂತ ಒಂದು ವಾರ ಮೊದಲೇ ಗೊತ್ತಿತ್ತಲ್ಲ, ಕೊಲ್ಲದೆ ನಿಭಾಯಿಸುವ ಯೋಜನೆ ಯಾಕೆ ಮಾಡಲಿಲ್ಲ? ಆದ್ದರಿಂದ ಮೊದಲೇ ತಿಳಿಸೋದು, ಬೋರ್ಡ್ ಹಾಕೋದು ಎರಡು ಥರ ಕೆಲಸಕ್ಕೆ ಬರುತ್ತೆ, ಆ ಹೊತ್ತಿನಲ್ಲೂ ಆಮೇಲೆ ಕೋರ್ಟಿನಲ್ಲೂ. ಆದರೆ 2016ರಲ್ಲಿ ಮಿಷಿಗನ್‌ನ ಬ್ಯಾಟಲ್ ಕ್ರೀಕ್ ಪ್ರಕರಣದಲ್ಲಿ 6ನೇ ಸರ್ಕ್ಯೂಟ್ ಪೊಲೀಸರ ಪರ ತೀರ್ಪು ಕೊಟ್ಟಿತು. ಕೋರ್ಟು ನೋಡೋದು ಆ ಕ್ಷಣದಲ್ಲಿ ಅಧಿಕಾರಿಗೆ ಅಪಾಯ ಅನ್ನಿಸಿದ್ದು ಸಮಂಜಸವೇ ಅಂತ. ನಿಮ್ಮ ರಾಜ ಮುದ್ದು ಅನ್ನೋದು ಅವರಿಗೆ ಗೊತ್ತಿರಲ್ಲ.

ಲೈಸೆನ್ಸ್ ಮಾಡಿಸಿ. ನಿಮ್ಮ ನಗರ ಅಥವಾ ಕೌಂಟಿಯ ಪ್ರಾಣಿ ಇಲಾಖೆಯಲ್ಲಿ ಕೇಳಿ, ದೊಡ್ಡ ಖರ್ಚಿನ ಕೆಲಸ ಅಲ್ಲ. ಡೆಟ್ರಾಯಿಟ್‌ನಲ್ಲಿ ಒಬ್ಬ ಹೆಂಗಸಿನ ಮೂರು ನಾಯಿ ಕೊಂದ ಪೊಲೀಸರು, ಆಕೆ ಕೋರ್ಟಿಗೆ ಹೋದಾಗ, ಮಾಡಿದ ವಾದ ಏನು ಗೊತ್ತಾ? ಲೈಸೆನ್ಸ್ ಇಲ್ಲದ ನಾಯಿ ಕಾನೂನುಬಾಹಿರ ವಸ್ತು, ಅದರ ಮೇಲೆ ಹಕ್ಕೇ ಇಲ್ಲ ಅಂತ. ಕೆಳಗಿನ ಕೋರ್ಟು ಒಪ್ಪಿಯೂ ಬಿಟ್ಟಿತು. 2018ರಲ್ಲಿ ಮೇಲಿನ ಕೋರ್ಟು ಅದನ್ನು ತಿರಸ್ಕರಿಸಿತು ನಿಜ, ಆದರೆ ಅಷ್ಟು ದೂರ ಯಾಕೆ ಹೋಗಬೇಕು? ರೇಬಿಸ್ ಲಸಿಕೆ ಚೀಟಿ, ಲೈಸೆನ್ಸ್, ಮೈಕ್ರೋಚಿಪ್ ನಂಬರ್, ನಾಯಿಯ ನಾಲ್ಕು ಫೋಟೋ ಒಂದೇ ಕಡೆ ಇಟ್ಟಿರಿ.

ಇಲ್ಲಿನ ತುರ್ತು ನಂಬರ್ 911ಗೆ ನೀವೇ ಫೋನ್ ಮಾಡುವ ಪ್ರಸಂಗ ಬಂದರೆ, ಉಸಿರು ತಗೊಂಡು ಈ ಮಾತನ್ನೂ ಸೇರಿಸಿ: ‘ಮನೆಯಲ್ಲಿ ನಾಯಿ ಇದೆ, ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿ ಕೂಡಿದ್ದೇನೆ.’ ಪೊಲೀಸರು ಬಾಗಿಲಿಗೆ ಬಂದಿದ್ದರೆ ಮುಚ್ಚಿದ ಬಾಗಿಲ ಹಿಂದಿನಿಂದಲೇ ಜೋರಾಗಿ ಹೇಳಿ: ‘ನಾಯಿಯನ್ನು ಕಟ್ಟಿ ಬರುತ್ತೇನೆ, ಒಂದು ನಿಮಿಷ.’ ಹೇಳದೆ ಒಳಗೆ ಓಡಬೇಡಿ, ಅದು ಅವರಿಗೆ ಬೇರೆ ಥರ ಕಾಣುತ್ತೆ. ಡೋರ್‌ಬೆಲ್ ಕ್ಯಾಮೆರಾ ಇದ್ದರೆ ಅದರಲ್ಲೇ ಮಾತಾಡಿ. ನಾಯಿ ಹೊರಗೆ ನುಗ್ಗಿಬಿಟ್ಟರೆ ಅದರ ಹಿಂದೆ ಓಡಿ ಗನ್ನಿನ ಮುಂದೆ ಹೋಗಬೇಡಿ, ದಯವಿಟ್ಟು. 2015ರಲ್ಲಿ ಅಯೋವಾದ ಬರ್ಲಿಂಗ್ಟನ್‌ನಲ್ಲೂ 2019ರಲ್ಲಿ ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲೂ ನಾಯಿಗೆ ಹೊಡೆದ ಗುಂಡು ತಗುಲಿ ಒಬ್ಬೊಬ್ಬ ಹೆಂಗಸು ಸತ್ತಿದ್ದಾರೆ.

ಆಗಬಾರದ್ದು ಆಗಿಯೇ ಹೋದರೆ, ನಾಯಿಯನ್ನು ಪಶುವೈದ್ಯರ ಹತ್ತಿರ ಒಯ್ದು ಗುಂಡು ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಬರೆಸಿಕೊಳ್ಳಿ. ಬಾಡಿ ಕ್ಯಾಮೆರಾ ವಿಡಿಯೋಗೆ ಅರ್ಜಿ ಹಾಕಿ, ಪಕ್ಕದವರ ಕ್ಯಾಮೆರಾ ವಿಡಿಯೋ ಅಳಿಸುವ ಮೊದಲು ಕೇಳಿ. ನಗರದ ಮೇಲೆ ದಾವೆ ಹಾಕಲು ಮೊದಲು ನೋಟಿಸ್ ಕೊಡಬೇಕು. ಇಲ್ಲಿ ಅದಕ್ಕೆ ಸಾಮಾನ್ಯವಾಗಿ 6 ತಿಂಗಳ ಗಡುವು.

ಉತ್ತರ: ಇಲಿನಾಯ್‌ನಿಂದ

ಅತ್ತೆ ಮಾವನ ವಿಷಯ ಯಾರೂ ಹೇಳಲಿಲ್ಲ. ನಮ್ಮ ಅಪ್ಪ ಅಮ್ಮ ಹಾಸನದಿಂದ ಬಂದಾಗ ಇದೇ ತಲೆನೋವು. ಬೆಲ್ ಆದರೆ ‘ಯಾರೋ ಬಂದ್ರು ನೋಡು’ ಅಂತ ಅಮ್ಮ ಪೂರ್ತಿ ಬಾಗಿಲು ತೆಗೆದು ನಿಂತುಬಿಡುತ್ತಿದ್ದರು. ಊರಲ್ಲಿ ಗೇಟು ದೂರ ಇರುತ್ತೆ, ಬಂದವರು ಗೇಟಿನ ಹೊರಗೇ ನಿಲ್ಲುತ್ತಾರೆ. ಇಲ್ಲಿ ಬಾಗಿಲೇ ಗೇಟು. ಇದನ್ನು ಬಿಡಿಸಿ ಹೇಳಿದ ಮೇಲೆ ಅವರಿಗೆ ಅರ್ಥ ಆಯಿತು. ಹಗಲು ಹೊತ್ತು ನಮ್ಮ ನಾಯಿಗೆ ಮಹಡಿ ಮೇಲಿನ ಕೋಣೆ. ಬೆಲ್ ಆದರೆ ಅವರು ಬಾಗಿಲು ತೆಗೆಯೋದೇ ಬೇಡ, ನಮ್ಮ ಫೋನಿಗೆ ಬರುತ್ತೆ, ನಾವು ಮಾತಾಡ್ತೀವಿ. ಬಾಗಿಲ ಒಳಗಡೆ ಕನ್ನಡದಲ್ಲಿ ದೊಡ್ಡದಾಗಿ ಚೀಟಿ ಅಂಟಿಸಿದ್ದೆ: ‘ಮೊದಲು ನಾಯಿ, ಆಮೇಲೆ ಬಾಗಿಲು.’ ಕೆಳಗೆ ಇಂಗ್ಲಿಷಿನ ಒಂದು ವಾಕ್ಯ ಕನ್ನಡ ಅಕ್ಷರದಲ್ಲಿ: ‘ಪ್ಲೀಸ್ ವೇಟ್, ಡಾಗ್ ಇನ್‌ಸೈಡ್.’ ಅಪ್ಪ ಅದನ್ನು ಅಮೆಜಾನ್ ಹುಡುಗನಿಗೂ ಹೇಳುತ್ತಿದ್ದರು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎತ್ತರದ ಗೇಟ್ ಆರ್ಡರ್ ಮಾಡಿದೆ, ಅಲಾರಂ ಕಂಪನಿಗೆ ಇವತ್ತೇ ಫೋನ್. ಒಂದು ಅನುಮಾನ. ಬೆಂಕಿ ಬಿದ್ದಾಗ ನಾಯಿ ಕಾಪಾಡಿ ಅಂತ ಕಿಟಕಿಗೆ ಅಂಟಿಸೋ ಸ್ಟಿಕ್ಕರ್ ಸಿಗುತ್ತಲ್ಲ, ಅದೇ ಸಾಕಾ, ಬೇರೆ ಬೋರ್ಡ್ ಬೇಕಾ?

ಉತ್ತರ: ಕೊಲರಾಡೋದಿಂದ

ಸ್ಟಿಕ್ಕರ್ ಇರಲಿ, ಆದರೆ ಅದು ಚಿಕ್ಕದು, ಹತ್ತಿರ ಬಂದ ಮೇಲೆ ಕಾಣೋದು. ಹಿತ್ತಲ ಗೇಟಿನ ಚಿಲಕದ ಪಕ್ಕ, ಕೈ ಹೋಗುವ ಜಾಗದಲ್ಲೇ ಬೇರೆ ಬೋರ್ಡ್ ಹಾಕಿ. ರಾತ್ರಿ ಟಾರ್ಚ್ ಬೆಳಕಿಗೆ ಹೊಳೆಯುವ ಥರದ್ದು ಸಿಗುತ್ತೆ, ಅದನ್ನೇ ತಗೊಳ್ಳಿ. ಗೇಟಿಗೆ ಬೀಗವೂ ಹಾಕಿ. ಸ್ಟಿಕ್ಕರ್‌ನಲ್ಲಿ ಎಷ್ಟು ನಾಯಿ ಅಂತ ಸರಿಯಾಗಿ ಬರೆಯಿರಿ, ಮನೆ ಬಿಡುವಾಗ ಕಿತ್ತುಹಾಕಿ. ಇಲ್ಲದಿದ್ದರೆ ಇಲ್ಲದ ನಾಯಿಗಾಗಿ ಅಗ್ನಿಶಾಮಕದವರು ಹೊಗೆಯಲ್ಲಿ ಹುಡುಕುತ್ತಾರೆ.